ಎರಡನೇ ಬೇಸಿನ ಹುಡುಗಿ

"ಟೀಚರ್, ಎರಡನೇ ಬೇಸಿಗೆ ತಪ್ಪು ಮಾಡದ ಹುಡುಗಿಯನ್ನು ಹಾಕುವುದು ಸರಿ ತಾನೇ?"

ಹೀಗೆ ಕೇಳಿದವನು ನಂಜುಂಡ. ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು, ಮೂರು ವರ್ಷದಿಂದ ಹುಡುಗಿಯರಿಗೆ ಸಾಫ್ಟ್‌ಬಾಲ್ ಕಲಿಸುತ್ತಿದ್ದ. ಚೆಂಡು ಹೊಡೆದವಳು ಒಂದೊಂದಾಗಿ ಮುಟ್ಟುತ್ತಾ ಓಡಬೇಕಾದ ಠಾಣೆಗಳೇ ಆ ಆಟದ ಬೇಸುಗಳು. ಕೇಳಿಸಿಕೊಂಡವರು ತುಂಗಮ್ಮ ಟೀಚರ್. ಅವನಿಗೆ ಬ್ಯಾಟ್ ಹಿಡಿಯಲು ಕಲಿಸಿದವರೇ ಅವರು. ನಿವೃತ್ತಿಯಾಗಿ ಎಂಟು ವರ್ಷವಾದರೂ ದಾರಿ ತಪ್ಪಿದ ಮೇಷ್ಟ್ರುಗಳು ಅವರ ಮನೆಯ ಜಗಲಿಗೆ ಬರುವುದು ನಿಂತಿರಲಿಲ್ಲ. ಆ ಮಧ್ಯಾಹ್ನ ಅವರು ನೆನೆಸಿದ ಅವರೆಕಾಳು ಹಿದುಕುತ್ತಾ ಕುಳಿತಿದ್ದರು.

ನಂಜುಂಡ ತನ್ನ ಕಷ್ಟ ಹೇಳಿದ. ತಂಡದಲ್ಲಿ ಆ ಜಾಗಕ್ಕೆ ಇಬ್ಬರಿದ್ದಾರೆ. ಭೂಮಿಕಾ ಈ ವರ್ಷ ಕೈಗೆ ಬಂದ ಒಂದು ಚೆಂಡನ್ನೂ ಬಿಟ್ಟಿಲ್ಲ. ರಂಜಿತಾ ವಾರಕ್ಕೆ ನಾಲ್ಕು ಬಿಡುತ್ತಾಳೆ. ಮೊನ್ನೆಯ ಪಂದ್ಯದಲ್ಲಿ ಮೊದಲನೇ ಬೇಸಿಗೆ ಓಡಿಹೋಗಿ, ಕೈಗೆ ಬಂದ ಚೆಂಡು ಬಿಟ್ಟಳು, ಪಂದ್ಯ ಹೋಯಿತು. ಮೂರು ದಿನದಿಂದ ಅವಳು ಮೈದಾನಕ್ಕೇ ಬಂದಿಲ್ಲ. ವಿಭಾಗ ಮಟ್ಟದ ಪಂದ್ಯಕ್ಕೆ ಸಂಜೆ ಐದರೊಳಗೆ ಹೆಸರುಗಳ ಪಟ್ಟಿ ಕೊಡಬೇಕು. ಭೂಮಿಕಾ ಹೆಸರು ಬರೆದೂ ಆಗಿದೆ. ಈ ಸಲ ಬಿಟ್ಟರೆ ರಂಜಿತಾ ಇನ್ನು ಆಟದ ಕಡೆ ತಲೆ ಹಾಕುವುದಿಲ್ಲ ಎಂಬುದೂ ಅವನಿಗೆ ಗೊತ್ತು.

"ಬರೆದಾಗಿದೆ ಟೀಚರ್. ಆದರೂ ಮನಸ್ಸಿಗೆ ಸಮಾಧಾನವಿಲ್ಲ" ಎಂದ.

"ಸಮಾಧಾನ ಬೇಕಿದ್ದರೆ ಮಠಕ್ಕೆ ಹೋಗಬೇಕಿತ್ತು, ಇಲ್ಲಿಗೆ ಯಾಕೆ ಬಂದೆ?" ಎಂದರು ತುಂಗಮ್ಮ ಟೀಚರ್. ಅವರೆಕಾಳಿನ ಪಾತ್ರೆಯನ್ನು ಅವನ ಕಡೆಗೂ ಅರ್ಧ ತಳ್ಳಿದರು. "ಕೂತುಕೋ. ಕೈ ಸುಮ್ಮನಿರಬಾರದು, ಹಿದುಕು. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ತರಬೇತುದಾರ. ಹದಿಮೂರು ಹದಿನಾಲ್ಕು ವಯಸ್ಸಿನ ಹುಡುಗಿಯರಿಗೆ ಸಾಫ್ಟ್‌ಬಾಲ್ ಕಲಿಸುತ್ತಿದ್ದ. ಒಳ್ಳೆಯವನೇ. ಹೊತ್ತಿಗೆ ಸರಿಯಾಗಿ ಬರುತ್ತಿದ್ದ, ಯಾರ ಮೇಲೂ ಕೈ ಎತ್ತುತ್ತಿರಲಿಲ್ಲ. ಅವನಿಗಿದ್ದದ್ದು ಒಂದೇ ಚಟ. ಎಲ್ಲವನ್ನೂ ಬರೆದಿಡಬೇಕು.

ಒಂದು ಉದ್ದನೆಯ ನೋಟ್‌ಬುಕ್ ಇಟ್ಟಿದ್ದ. ಹುಡುಗಿಯ ಗ್ಲೌಸಿಗೆ ತಾಗಿ ಚೆಂಡು ಕೆಳಗೆ ಬಿದ್ದರೆ ಅವಳ ಹೆಸರಿನ ಮುಂದೆ ಒಂದು ಗೆರೆ ಎಳೆಯುತ್ತಿದ್ದ. ಯಾವ ದಿನ, ಯಾವ ಜಾಗದಲ್ಲಿ ಎಂದು ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆಯುತ್ತಿದ್ದ. ಎಸೆತ ಕೆಟ್ಟರೆ ಎಸೆದವಳಿಗೆ ಗೆರೆ. ಗ್ಲೌಸಿಗೇ ತಾಗದೆ ಹೋದ ಚೆಂಡಿಗೆ ಹಿಡಿಯಬೇಕಾದವಳಿಗೆ ಗೆರೆ ಇಲ್ಲ. ಮುಟ್ಟದ ಚೆಂಡಿಗೆ ಯಾರನ್ನು ಬೈಯುವುದು ಎಂಬುದು ಅವನ ನ್ಯಾಯ. ಶನಿವಾರ ಆಟ ಮುಗಿದ ಮೇಲೆ ಹುಡುಗಿಯರನ್ನೆಲ್ಲ ಸಾಲಾಗಿ ಕೂರಿಸಿ ಯಾರಿಗೆ ಎಷ್ಟು ಗೆರೆ ಎಂದು ಜೋರಾಗಿ ಓದುತ್ತಿದ್ದ. ಓದುವಾಗ ನಗುತ್ತಲೂ ಇರಲಿಲ್ಲ, ಬೈಯುತ್ತಲೂ ಇರಲಿಲ್ಲ. ಬರೀ ಓದುತ್ತಿದ್ದ. ಬೈದಿದ್ದರೇ ವಾಸಿಯಾಗಿತ್ತು.

ಈಗ ಎರಡನೇ ಬೇಸಿನ ವಿಷಯ. ಬಹಳ ಜನ ತರಬೇತುದಾರರು ಆ ಜಾಗಕ್ಕೆ ಎಲ್ಲಿಯೂ ಸಲ್ಲದವಳನ್ನು ಹಾಕುತ್ತಾರೆ. ಅಲ್ಲಿಂದ ಮೊದಲನೇ ಬೇಸು ಹತ್ತಿರ, ಎಸೆಯುವ ತೋಳು ಗಟ್ಟಿ ಇರಬೇಕಾಗಿಲ್ಲ, ನಡೆದುಹೋಗುತ್ತದೆ ಅನ್ನುತ್ತಾರೆ. ನೀನೂ ಮೊದಲನೇ ವರ್ಷ ಹಾಗೇ ಮಾಡಿದ್ದೆ. ತಲೆ ತಗ್ಗಿಸಬೇಡ, ಹಿದುಕು.

ಈ ತರಬೇತುದಾರ ಅಷ್ಟು ದಡ್ಡನಲ್ಲ. ಆ ಜಾಗದ ಬೆಲೆ ಅವನಿಗೆ ಗೊತ್ತಿತ್ತು. ಅದಕ್ಕೇ ಮೂರು ತಿಂಗಳು ಇಬ್ಬರು ಹುಡುಗಿಯರನ್ನು ಸರದಿಯ ಮೇಲೆ ಅಲ್ಲಿ ನಿಲ್ಲಿಸಿ ನೋಡಿದ. ಒಬ್ಬಳು ಟೈಲರ್ ಮಗಳು, ಇನ್ನೊಬ್ಬಳು ಬೇಕರಿಯವನ ಮಗಳು. ಮೂರು ತಿಂಗಳಾದ ಮೇಲೆ ನೋಟ್‌ಬುಕ್ ತೆಗೆದು ಎಣಿಸಿದ. ಟೈಲರ್ ಮಗಳಿಗೆ ಎರಡು ಗೆರೆ. ಬೇಕರಿಯವನ ಮಗಳಿಗೆ ಹತ್ತೊಂಬತ್ತು.

ಇನ್ನು ಯೋಚಿಸುವುದೇನಿದೆ? ಟೈಲರ್ ಮಗಳನ್ನು ಎರಡನೇ ಬೇಸಿಗೆ ಹಾಕಿದ. ಬೇಕರಿಯವನ ಮಗಳನ್ನು ಬೆಂಚಿನಲ್ಲಿ ಕೂರಿಸಿದ. ಅವಳು ನೀರಿನ ಬಾಟಲಿ ತುಂಬಿಸಿಕೊಂಡು, ಹೊರಗೆ ಹೋದ ಚೆಂಡು ತಂದುಕೊಟ್ಟುಕೊಂಡು ಇದ್ದಳು. ಎರಡು ವಾರ ಅತ್ತಳು, ಮೂರನೇ ವಾರ ಅಳು ಬಿಟ್ಟಳು. ಅದನ್ನು ಅವನು ಬರೆದುಕೊಳ್ಳಲಿಲ್ಲ.

ಪಂದ್ಯಗಳು ಶುರುವಾದವು. ಮೊದಲನೇ ಪಂದ್ಯದಲ್ಲೇ ಎದುರು ತಂಡದವಳು ಬಂಟ್ ಮಾಡಿದಳು. ಬಂಟ್ ಅಂದರೆ ಬ್ಯಾಟ್ ಬೀಸದೆ ಚೆಂಡಿಗೆ ಸುಮ್ಮನೆ ತಾಗಿಸಿ ಕಾಲ ಹತ್ತಿರವೇ ಬೀಳಿಸಿ ಓಡುವುದು. ನಿನಗೆ ಗೊತ್ತಿರುವುದೇ, ಆದರೂ ಹೇಳುತ್ತೇನೆ. ಆಗ ಮೊದಲನೇ ಬೇಸಿನವಳು ತನ್ನ ಜಾಗ ಬಿಟ್ಟು ಮುಂದಕ್ಕೆ ನುಗ್ಗಿ ಚೆಂಡು ಎತ್ತಿಕೊಳ್ಳಬೇಕು. ಅವಳ ಜಾಗ ಖಾಲಿಯಾಗುತ್ತದೆ. ಆ ಖಾಲಿ ಬೇಸಿಗೆ ಎರಡನೇ ಬೇಸಿನವಳು ಓಡಿಬಂದು ನಿಲ್ಲಬೇಕು. ಚೆಂಡು ಅವಳ ಕಡೆ ಬಂದಿರುವುದೇ ಇಲ್ಲ, ಅವಳನ್ನು ಯಾರೂ ಕರೆದಿರುವುದೂ ಇಲ್ಲ. ಆದರೂ ಬರಬೇಕು.

ಮೊದಲನೇ ಬೇಸಿನವಳು ನುಗ್ಗಿದಳು, ಎತ್ತಿದಳು, ತಿರುಗಿ ಎಸೆದಳು. ಬೇಸಿನಲ್ಲಿ ಯಾರೂ ಇರಲಿಲ್ಲ. ಚೆಂಡು ಬೇಲಿಯವರೆಗೂ ಹೋಯಿತು. ಎದುರು ತಂಡಕ್ಕೆ ಎರಡು ರನ್ ಬಂತು.

ತರಬೇತುದಾರ ನೋಟ್‌ಬುಕ್ ತೆಗೆದ. ಮೊದಲನೇ ಬೇಸಿನವಳ ಹೆಸರಿನ ಮುಂದೆ 'ಕೆಟ್ಟ ಎಸೆತ' ಎಂದು ಗೆರೆ ಎಳೆದ. ಎರಡನೇ ಪಂದ್ಯದಲ್ಲಿ ಮತ್ತೆ ಅದೇ ಆಯಿತು, ಮತ್ತೆ ಅವಳಿಗೇ ಗೆರೆ. ಎರಡೂ ಪಂದ್ಯ ಹೇಗೋ ಏದುಸಿರು ಬಿಟ್ಟುಕೊಂಡು ಗೆದ್ದರು. ಆದರೆ ಮೊದಲನೇ ಬೇಸಿನ ಹುಡುಗಿಯ ಆಟ ಕೆಟ್ಟುಹೋಯಿತು. ಚೆಂಡು ಕೈಗೆ ಬಂದರೆ ಎಸೆಯದೆ ಹಿಡಿದುಕೊಂಡು ನಿಲ್ಲಲು ಶುರುಮಾಡಿದಳು. ತರಬೇತುದಾರ ಅವಳನ್ನು ಕರೆದು ಎಲ್ಲರ ಮುಂದೆ ಕೇಳಿದ, "ಕೈಯಲ್ಲೇ ಇಟ್ಟುಕೊಂಡು ಪೂಜೆ ಮಾಡುತ್ತೀಯಾ?"

"ಯಾರಿಗೆ ಎಸೆಯಲಿ ಸರ್? ಅಲ್ಲಿ ಯಾರೂ ಇಲ್ಲವಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದ ಅವನು. ಸತ್ಯ ಹೇಳಿದವಳ ಬಾಯಿಗೆ ಗಾದೆ ತುರುಕಿ ಮುಚ್ಚುವುದು ನಮಗೆಲ್ಲ ಚೆನ್ನಾಗಿ ಬರುತ್ತದೆ. ನೋಟ್‌ಬುಕ್ಕಿನಲ್ಲಿ ಟೈಲರ್ ಮಗಳ ಹೆಸರಿನ ಮುಂದೆ ಆಗಲೂ ಎರಡೇ ಗೆರೆ. ಉಳಿದವರ ಗೆರೆಗಳು ಏರುತ್ತಲೇ ಇದ್ದವು. ನನ್ನ ತಂಡದಲ್ಲಿ ಒಬ್ಬಳೇ ಒಬ್ಬಳು ಸರಿಯಾಗಿ ಆಡುವವಳು ಎಂದು ಅವನು ಮನೆಯಲ್ಲಿ ಹೆಂಡತಿಯ ಹತ್ತಿರ ಹೇಳಿಕೊಂಡನಂತೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನಿಗೆ ನಾಲ್ಕನೇ ಕಾಲು ಎದ್ದು ಒದೆಯುವವರೆಗೂ ಕಾಣುವುದಿಲ್ಲ.

ಜಿಲ್ಲಾ ಫೈನಲ್‌ಗೆ ಇಪ್ಪತ್ತು ದಿನ ಉಳಿದಿತ್ತು. ಒಂದು ದಿನ ಮೈದಾನಕ್ಕೆ ಬಂದರೆ ಚೆಂಡುಗಳಿಲ್ಲ. ಕಿಟ್ ಬ್ಯಾಗು ಹೆಡ್‌ಮಾಸ್ಟರ ಕೋಣೆಯಲ್ಲಿ, ಬೀಗದ ಕೈ ಹೆಡ್‌ಮಾಸ್ಟರ ಜೇಬಿನಲ್ಲಿ, ಹೆಡ್‌ಮಾಸ್ಟರು ತಾಲ್ಲೂಕು ಕೇಂದ್ರದಲ್ಲಿ ಮೀಟಿಂಗಿನಲ್ಲಿ. ಇದ್ದದ್ದು ತರಬೇತುದಾರನ ಸ್ಕೂಟರಿನಲ್ಲಿದ್ದ ಒಂದು ಬ್ಯಾಟು ಮಾತ್ರ. ಅವನಿಗೆ ತಲೆ ಕೆಟ್ಟಿತು. ಮನೆಗೆ ಕಳಿಸಲು ಮನಸ್ಸು ಬರಲಿಲ್ಲ. ಸಿಟ್ಟಿನಲ್ಲೇ, "ಹಾಗಾದರೆ ಚೆಂಡಿಲ್ಲದೇ ಆಡಿ" ಎಂದ.

ಹುಡುಗಿಯರು ಕಿಸಕ್ಕನೆ ನಕ್ಕರು. ಅವನು ನಗಲಿಲ್ಲ. ಒಂಬತ್ತು ಜನರನ್ನೂ ಅವರವರ ಜಾಗದಲ್ಲಿ ನಿಲ್ಲಿಸಿದ. ತಾನು ಬ್ಯಾಟ್ ಹಿಡಿದು ನಿಂತ. ಬಾಯಿಂದ ಕೂಗಿ ಹೇಳುತ್ತಿದ್ದ, ಅವರು ಚೆಂಡು ಬಂದ ಹಾಗೇ ಓಡಬೇಕು, ಬಾಗಬೇಕು, ಎಸೆಯಬೇಕು. ಮೊದಮೊದಲು ತಮಾಷೆಯಾಗಿತ್ತು. ಆಮೇಲೆ ಅವರಿಗೂ ಹುರುಪು ಬಂತು.

ಚೆಂಡು ಇದ್ದಾಗ ತರಬೇತುದಾರನ ಕಣ್ಣು ಚೆಂಡಿನ ಹಿಂದೆ ಹೋಗುತ್ತಿತ್ತು. ಅವತ್ತು ಹೋಗುವುದಕ್ಕೆ ಚೆಂಡೇ ಇರಲಿಲ್ಲ. ಅಷ್ಟು ವರ್ಷದಲ್ಲಿ ಮೊದಲ ಸಲ ಅವನು ಹುಡುಗಿಯರನ್ನು ನೋಡಿದ.

"ಬಂಟ್" ಎಂದು ಕೂಗಿದ. ಮೊದಲನೇ ಬೇಸಿನವಳು ಮುಂದಕ್ಕೆ ನುಗ್ಗಿ, ಬಾಗಿ, ಇಲ್ಲದ ಚೆಂಡನ್ನು ಎತ್ತಿಕೊಂಡು ತಿರುಗಿದಳು. ಟೈಲರ್ ಮಗಳು ಮೊಣಕಾಲು ಬಾಗಿಸಿ, ಗ್ಲೌಸ್ ನೆಲಕ್ಕೆ ತಾಗಿಸಿ, ಹೇಗೆ ನಿಲ್ಲಬೇಕೋ ಹಾಗೇ ನಿಂತಿದ್ದಳು. ಅಲ್ಲಾಡಲಿಲ್ಲ. ಅಷ್ಟರಲ್ಲಿ ಬೆಂಚಿನಿಂದ ಒಬ್ಬಳು ಧಡಕ್ಕನೆ ಎದ್ದು, ನೀರಿನ ಬಾಟಲಿ ಒದ್ದುಕೊಂಡು ಓಡಿಬಂದು, ಮೊದಲನೇ ಬೇಸಿನ ಮೇಲೆ ಕಾಲಿಟ್ಟು, ಬರಿಗೈ ಚಾಚಿ ನಿಂತಳು. ಬೇಕರಿಯವನ ಮಗಳು.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಿನ್ನನ್ನು ಯಾರು ಕರೆದರು?" ಎಂದ ತರಬೇತುದಾರ.

"ಯಾರೂ ಇರಲಿಲ್ಲ ಸರ್, ಅದಕ್ಕೆ ಬಂದೆ."

ಅವನು ಟೈಲರ್ ಮಗಳ ಕಡೆ ತಿರುಗಿದ. "ನೀನು ಯಾಕೆ ಹೋಗಲಿಲ್ಲ?" ಎಂದು ಕೇಳಿದ. ಆ ಹುಡುಗಿ ನೆಲ ನೋಡಿದಳು. ಇನ್ನೊಂದು ಸಲ ಕೇಳಿದ ಮೇಲೆ ಮೆಲ್ಲಗೆ ಹೇಳಿದಳು.

"ಹೋದರೆ ಗೆರೆ ಬೀಳುತ್ತೆ ಸರ್."

ತರಬೇತುದಾರ ಆಟ ನಿಲ್ಲಿಸಿ ಎಲ್ಲರನ್ನೂ ಮನೆಗೆ ಕಳಿಸಿದ. ಬೆಂಚಿನ ಮೇಲೆ ಕುಳಿತು ನೋಟ್‌ಬುಕ್ ಬಿಚ್ಚಿದ. ಗೆರೆಗಳ ಪಕ್ಕದಲ್ಲಿ ತಾನೇ ಸಣ್ಣ ಅಕ್ಷರದಲ್ಲಿ ಬರೆದಿದ್ದನ್ನು ಅವತ್ತು ಓದಿದ. ಬರೆಯುವವನು ಓದುವುದು ಅಪರೂಪ.

ಟೈಲರ್ ಮಗಳ ಎರಡು ಗೆರೆಗಳೂ ಜೂನ್ ತಿಂಗಳ ಮೊದಲನೇ ವಾರದವು. ಎರಡೂ ಮೊದಲನೇ ಬೇಸಿನಲ್ಲಿ ಬಿದ್ದವು. ಅಂದರೆ ಆ ಹುಡುಗಿ ಶುರುವಿನಲ್ಲಿ ಓಡುತ್ತಿದ್ದಳು. ಎರಡು ಸಲ ಓಡಿಬಂದು ಎರಡು ಸಲ ಬಿಟ್ಟಿದ್ದಳು. ಆ ಶನಿವಾರ ಇವನು ಎಲ್ಲರ ಮುಂದೆ ಓದಿದ್ದ. ಅವತ್ತಿನಿಂದ ಅವಳು ತನ್ನ ಜಾಗ ಬಿಟ್ಟು ಕದಲಿರಲಿಲ್ಲ, ಅವತ್ತಿನಿಂದ ಅವಳಿಗೆ ಒಂದು ಗೆರೆಯೂ ಬಿದ್ದಿರಲಿಲ್ಲ. ಇವನು ಅದನ್ನೇ ಸುಧಾರಣೆ ಅಂದುಕೊಂಡಿದ್ದ.

ಬೇಕರಿಯವನ ಮಗಳ ಹತ್ತೊಂಬತ್ತರಲ್ಲಿ ಹದಿನಾಲ್ಕು ಅವಳ ಜಾಗದವೇ ಅಲ್ಲ. ಮೊದಲನೇ ಬೇಸಿನದ್ದು ಎಂಟು, ದೂರ ಹಿಂದಿನ ಬಲಮೂಲೆಯ ರೈಟ್ ಫೀಲ್ಡಿನದ್ದು ನಾಲ್ಕು, ಬ್ಯಾಟಿನವಳಿಗೆ ಚೆಂಡು ಹಾಕುವ ಪಿಚರ್ ಹಿಂದೆ ಎರಡು. ಅವಳು ಹೋಗದಿದ್ದರೆ ಆ ಹದಿನಾಲ್ಕು ಚೆಂಡು ಯಾರಿಗೂ ತಾಗದೆ ಬೇಲಿ ಸೇರುತ್ತಿದ್ದವು. ಆಗ ಅವಳಿಗೆ ಆ ಗೆರೆಗಳೂ ಇರುತ್ತಿರಲಿಲ್ಲ. ನಡೆಯುವವರು ಎಡವುತ್ತಾರೆ, ಕೂತವರು ಎಡವುತ್ತಾರೆಯೇ ಎಂದು ಅವನ ಅಜ್ಜಿ ಸಾವಿರ ಸಲ ಹೇಳಿದ್ದಳು. ಸಾವಿರ ಸಲ ಕೇಳಿದ ಮಾತು ಕಿವಿಗೆ ತಾಗುವುದಿಲ್ಲ.

ಅವನಿಗೆ ನಾಚಿಕೆಯಾಯಿತು. ಆದರೆ ನಾಚಿಕೆಗಿಂತ ಹೆಚ್ಚಾಗಿ ಮನಸ್ಸು ಹಗುರವಾಯಿತು. ಸದ್ಯ, ಇನ್ನೂ ಇಪ್ಪತ್ತು ದಿನವಿದೆ ಎಂದುಕೊಂಡ. ತಪ್ಪು ತನ್ನದಾದರೆ ತಿದ್ದುವುದೂ ತನ್ನ ಕೈಯಲ್ಲೇ ಇದೆಯಲ್ಲ.

ಮಾರನೆಯ ದಿನ ಬೇಕರಿಯವನ ಮಗಳನ್ನು ಎರಡನೇ ಬೇಸಿಗೆ ಹಾಕಿದ. ಟೈಲರ್ ಮಗಳನ್ನು ರೈಟ್ ಫೀಲ್ಡಿಗೆ ಕಳಿಸಿದ. ಅಲ್ಲಿ ಏನು ಕೆಲಸ ಎಂದು ಹೇಳಿದ. ಬಂಟ್ ಆದಾಗ ಎರಡನೇ ಬೇಸಿನವಳು ಮೊದಲನೇ ಬೇಸಿಗೆ ಓಡಬೇಕು, ರೈಟ್ ಫೀಲ್ಡಿನವಳು ಅವಳ ಹಿಂದಕ್ಕೆ ಓಡಿಬರಬೇಕು. ಟೈಲರ್ ಮಗಳು ತಲೆ ಆಡಿಸಿದಳು, ಮನೆಗೆ ಹೋಗಿ ಊಟ ಬಿಟ್ಟು ಮಲಗಿದಳು. ತನ್ನನ್ನು ದೂರ ಹಾಕಿದರು ಎಂದೇ ಅವಳು ತಿಳಿದದ್ದು.

ಬೆಳಿಗ್ಗೆ ಟೈಲರ್ ಬಂದ. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಇತ್ತು, ಅಂಗಡಿಯಿಂದ ನೆಟ್ಟಗೆ ಬಂದಿದ್ದ. "ಒಂದು ಚೆಂಡೂ ಬಿಡದವಳು ನನ್ನ ಮಗಳು. ಅವಳು ಮಾಡಿದ ತಪ್ಪೇನು ಹೇಳಿ ಸ್ವಾಮಿ" ಎಂದ.

"ತಪ್ಪು ಮಾಡುವುದಕ್ಕೂ ನಾನು ಅವಳನ್ನು ಬಿಡಲಿಲ್ಲ ಅಣ್ಣ. ತಪ್ಪು ನನ್ನದು" ಎಂದ ತರಬೇತುದಾರ. ನೋಟ್‌ಬುಕ್ ತೋರಿಸಿ ಎಲ್ಲವನ್ನೂ ಹೇಳಿದ. ಟೈಲರ್ ಜಗಳಕ್ಕೆಂದು ಬಂದವನು, ಎದುರಿನವನು ಜಗಳಕ್ಕೇ ಬಾರದಿದ್ದರೆ ಏನು ಮಾಡುತ್ತಾನೆ? "ನಾನೂ ಅಂಗಡಿಯಲ್ಲಿ ಹುಡುಗರಿಗೆ ಬಟ್ಟೆ ಕೆಡಿಸಬೇಡಿ ಕೆಡಿಸಬೇಡಿ ಅನ್ನುತ್ತೇನೆ. ಒಬ್ಬನೂ ಕತ್ತರಿ ಹಿಡಿಯುವುದಿಲ್ಲ, ಗುಂಡಿಯ ಕಾಜಾ ಹೊಲಿದುಕೊಂಡೇ ಕೂತಿದ್ದಾರೆ" ಎಂದು ಬೇಸರಪಟ್ಟುಕೊಂಡ. ಆಗ ತರಬೇತುದಾರ ಅವನನ್ನು ಒಂದು ಸಹಾಯ ಕೇಳಿದ. ಅಂಗಡಿಯ ಚಿಂದಿಯಲ್ಲಿ ಆರು ಚೆಂಡು ಹೊಲಿದುಕೊಡಬೇಕು, ಒಳಗೆ ಬಿಗಿಯಾಗಿ ತುಂಬಬೇಕು, ಮೈಗೆ ಬಿದ್ದರೆ ನೋಯಬಾರದು. ಸಂಜೆಯೊಳಗೆ ಆರು ಬಣ್ಣದ ಆರು ಚೆಂಡು ಬಂದವು.

ಚಿಂದಿಯ ಚೆಂಡು ಯಾಕೆ ಎಂದು ಕೇಳು. ಬಿಟ್ಟರೂ ನೋವಿಲ್ಲ, ಭಯವಿಲ್ಲ. ಬೇಕರಿಯವನ ಮಗಳು ಚೆಂಡು ಬಿಡುತ್ತಿದ್ದದ್ದು ಕೈ ಸರಿಯಿಲ್ಲದೆ ಅಲ್ಲ. ಚೆಂಡು ಗ್ಲೌಸಿಗೆ ಬರುವ ಮುಂಚೆಯೇ ಅವಳ ಕಣ್ಣು ಓಡಿಬರುತ್ತಿದ್ದ ಎದುರಾಳಿಯ ಕಡೆ ಹೊರಳುತ್ತಿತ್ತು. ಬಂದು ಡಿಕ್ಕಿ ಹೊಡೆದಾಳೆಂಬ ಭಯ. ಇದನ್ನು ಮೊದಲು ಕಂಡದ್ದು ತರಬೇತುದಾರ ಅಲ್ಲ, ಟೈಲರ್ ಮಗಳು. "ಬೇಸಿನ ನಡುವೆ ಯಾಕೆ ಕಾಲಿಡ್ತೀಯ? ಒಳಗಿನ ಅಂಚಿಗಿಡು. ಅವಳ ದಾರಿ ಅವಳಿಗೆ ಬಿಡು, ಯಾರೂ ಬಂದು ಗುದ್ದಲ್ಲ" ಎಂದು ತೋರಿಸಿಕೊಟ್ಟಳು. ಅಂಚು ಮಡಿಸುವವರ ಮನೆಯ ಹುಡುಗಿ, ಅಂಚು ಎಲ್ಲಿ ಎಂದು ಅವಳಿಗೆ ಬೇಗ ಕಾಣುತ್ತಿತ್ತು.

ಬೇಕರಿಯವನ ಮಗಳು ಇವಳಿಗೆ ಇನ್ನೊಂದು ಹೇಳಿಕೊಟ್ಟಳು. "ಚೆಂಡು ನೋಡಿಕೊಂಡು ನಿಂತರೆ ಹೊರಡುವುದೇ ಲೇಟು. ಮೊದಲನೇ ಬೇಸಿನವಳ ಹಿಮ್ಮಡಿ ನೋಡು. ಅದು ನೆಲ ಬಿಟ್ಟಿತೋ, ಓಡು." ಹೀಗೆ ಒಬ್ಬಳ ಹತ್ತಿರ ಇದ್ದದ್ದು ಇನ್ನೊಬ್ಬಳಿಗೆ ಬೇಕಾಗಿತ್ತು. ಇಬ್ಬರನ್ನೂ ಮೂರು ತಿಂಗಳು ಒಂದೇ ಜಾಗಕ್ಕೆ ಕಚ್ಚಾಡಿಸಿದವನು ಅದನ್ನು ನೋಡುತ್ತಾ ನಿಂತ. ಶನಿವಾರದ ಓದು ನಿಂತಿತು. ಚಿಂದಿಯ ಚೆಂಡು ಬಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮೊದಲ ವಾರ ಅದು ಬೀಳುತ್ತಲೇ ಇತ್ತು, ಎರಡನೇ ವಾರ ಕಡಿಮೆಯಾಯಿತು, ಕೊನೆಯ ನಾಲ್ಕು ದಿನ ನಿಜವಾದ ಚೆಂಡು ಕೊಟ್ಟ. ಮೊದಲನೇ ಬೇಸಿನ ಹುಡುಗಿಯ ಮುಖದಲ್ಲೂ ಗೆಲುವು ಬಂತು. ಈಗ ಅವಳು ತಿರುಗಿ ನೋಡದೆಯೇ ಎಸೆಯುತ್ತಿದ್ದಳು.

ಫೈನಲ್ ಬಂತು. ಕೊನೆಯ ಇನ್ನಿಂಗ್ಸ್, ಇವರ ತಂಡ ಒಂದೇ ಒಂದು ರನ್ ಮುಂದೆ. ಎದುರು ತಂಡದ ಇಬ್ಬರು ಔಟ್ ಆಗಿದ್ದಾರೆ, ಇನ್ನೊಬ್ಬಳು ಔಟ್ ಆದರೆ ಮುಗಿಯಿತು. ಆದರೆ ಅವರ ಹುಡುಗಿಯೊಬ್ಬಳು ಎರಡನೇ ಬೇಸಿನ ಹತ್ತಿರ ಕಾಲು ಕೆರೆಯುತ್ತಾ ನಿಂತಿದ್ದಾಳೆ. ಅವಳು ಮನೆ, ಅಂದರೆ ಬ್ಯಾಟ್ ಬೀಸುವ ಜಾಗ, ಮುಟ್ಟಿದರೆ ಸಮ.

ಬಂಟ್ ಬಂತು. ಅಂಥ ಹೊತ್ತಿನಲ್ಲಿ ಬಂಟ್ ಮಾಡುತ್ತಾರೆ ಎಂದು ಯಾರೂ ಎಣಿಸಿರಲಿಲ್ಲ. ಮೊದಲನೇ ಬೇಸಿನವಳು ನುಗ್ಗಿದಳು, ಎತ್ತಿದಳು, ನೋಡದೇ ಎಸೆದಳು. ಬೇಕರಿಯವನ ಮಗಳು ಅಷ್ಟರಲ್ಲಿ ಬೇಸಿನಲ್ಲಿದ್ದಳು. ಕಾಲು ಒಳಗಿನ ಅಂಚಿನ ಮೇಲೆಯೇ ಇತ್ತು. ಗ್ಲೌಸ್ ಎತ್ತಿ ಹಿಡಿದಳು. ಚೆಂಡು ಗ್ಲೌಸಿಗೆ ಬಂತು, ತಾಗಿತು, ಚಿಮ್ಮಿತು, ಹಿಂದಕ್ಕೆ ಬಿತ್ತು.

ತರಬೇತುದಾರ ಕಣ್ಣು ಮುಚ್ಚಿಕೊಂಡ. ಎರಡನೇ ಬೇಸಿನಿಂದ ಹೊರಟವಳು ಮೂರನೆಯದನ್ನು ದಾಟಿ ಮನೆಯ ಕಡೆ ಓಡುತ್ತಿದ್ದಳು. ಎಲ್ಲ ಮುಗಿಯಿತು ಎಂದುಕೊಂಡು ಕಣ್ಣು ಬಿಟ್ಟರೆ, ಚೆಂಡು ನೆಲದ ಮೇಲಿರಲಿಲ್ಲ. ಟೈಲರ್ ಮಗಳ ಕೈಯಲ್ಲಿತ್ತು. ಅಷ್ಟು ದೂರದ ರೈಟ್ ಫೀಲ್ಡಿನಿಂದ ಅವಳು ಆಗಲೇ ಬಂದು ಹಿಂದೆ ನಿಂತಿದ್ದಳು. ಎತ್ತಿದವಳೇ ಮನೆ ಕಾಯುತ್ತಿದ್ದ ಕ್ಯಾಚರ್‌ಗೆ ಎಸೆದಳು. ಕ್ಯಾಚರ್ ಓಡಿಬಂದವಳಿಗೆ ಚೆಂಡು ತಾಗಿಸಿದಳು. ಅಂಪೈರ್ ಕೈ ಎತ್ತಿದ.

ಉಸ್ಸಪ್ಪಾ ಎಂದು ತರಬೇತುದಾರ ಅಲ್ಲೇ ಮಣ್ಣಿನ ಮೇಲೆ ಕುಳಿತುಬಿಟ್ಟ. ಹುಡುಗಿಯರೆಲ್ಲ ಕುಣಿಯುತ್ತಿದ್ದರು. ಬೇಕರಿಯವನ ಮಗಳು ಮಾತ್ರ ಬೇಸಿನ ಮೇಲೆಯೇ ನಿಂತು ಬಿಕ್ಕುತ್ತಿದ್ದಳು, ಕೊನೆಗೂ ಬಿಟ್ಟೆನಲ್ಲ ಎಂದು. ಟೈಲರ್ ಮಗಳು ಅವಳ ತಲೆಗೆ ಗ್ಲೌಸಿನಿಂದ ಮೆಲ್ಲಗೆ ಬಡಿದಳು.

"ನೀನು ಬಿಡ್ತೀಯ ಅಂತ ಗೊತ್ತಿತ್ತು ಕಣೇ, ಅದಕ್ಕೇ ಬಂದೆ" ಎಂದಳು.

ಅಳುತ್ತಿದ್ದವಳಿಗೆ ನಗು ಬಂತು. ಮೂಗು ಒರೆಸಿಕೊಂಡು ಅವಳನ್ನು ಒಂದು ಗುದ್ದಿದಳು. ಇಬ್ಬರೂ ಕೈ ಹಿಡಿದುಕೊಂಡು ಕುಣಿಯುವವರ ನಡುವೆ ಸೇರಿಕೊಂಡರು.

ಕತೆ ಅಲ್ಲಿಗೆ ಮುಗಿಯಿತು. ತುಂಗಮ್ಮ ಟೀಚರ್ ಸಿಪ್ಪೆಗಳನ್ನು ಒಂದು ಕಡೆ ಗುಡ್ಡೆ ಮಾಡಿದರು. ನಂಜುಂಡನ ಮುಂದೆ ಹಿದುಕಿದ ಕಾಳು ಅವರ ಅರ್ಧದಷ್ಟೂ ಇರಲಿಲ್ಲ. ಅದನ್ನು ನೋಡಿ ಪಾತ್ರೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

ನಂಜುಂಡ ಜೇಬಿನಿಂದ ಪಟ್ಟಿ ತೆಗೆದ. ಸಂಜೆ ಐದಕ್ಕೆ ಇನ್ನೂ ಎರಡು ಗಂಟೆಯಿತ್ತು. ಮೂರು ದಿನದಿಂದ ಎದೆಯ ಮೇಲೆ ಕುಳಿತಿದ್ದ ಭಾರ ಇಳಿದಂತಾಯಿತು. ಪೆನ್ನು ಕೇಳಿ ಪಡೆದು, ಎರಡನೇ ಬೇಸಿನ ಮುಂದೆ ಬರೆದಿದ್ದ ಹೆಸರು ಹೊಡೆದು ರಂಜಿತಾ ಎಂದು ಬರೆದ. ಭೂಮಿಕಾಳ ಹೆಸರನ್ನು ರೈಟ್ ಫೀಲ್ಡಿನ ಮುಂದೆ ಬರೆದ.

"ಸದ್ಯ ಟೀಚರ್, ಕೊಟ್ಟುಬಿಡುವ ಮುಂಚೆ ಇಲ್ಲಿಗೆ ಬಂದೆ" ಎಂದ. ಅವನಿಗೆ ನಿಜಕ್ಕೂ ಸಂತೋಷವಾಗಿತ್ತು. "ಈಗ ಹೋಗುವಾಗ ರಂಜಿತಾ ಮನೆಗೇ ಹೋಗುತ್ತೇನೆ. ಮೊನ್ನೆ ಚೆಂಡು ಬಿಟ್ಟದ್ದಕ್ಕೇ ಅವಳು ಅಷ್ಟು ಕುಗ್ಗಿರುವುದು. ಒಂದು ಚೆಂಡು ಬಿಟ್ಟರೆ ಏನೂ ಆಗುವುದಿಲ್ಲ ಎಂದು ಅವಳಿಗೆ ಬುದ್ಧಿ ಹೇಳುತ್ತೇನೆ."

ತುಂಗಮ್ಮ ಟೀಚರ್ ಪಾತ್ರೆ ಎತ್ತಿಕೊಂಡು ಎದ್ದರು. ಬಾಗಿಲವರೆಗೆ ಹೋದವರು ತಿರುಗಿ ನಿಂತರು.

"ಬುದ್ಧಿ ಆಮೇಲೆ ಹೇಳುವೆಯಂತೆ ನಂಜುಂಡ, ಅವತ್ತು ಅವಳ ಕೈಯಿಂದ ಚೆಂಡು ಜಾರಿದಾಗ ಅವಳ ಹಿಂದೆ ಯಾರಿದ್ದರು?"

"ಯಾರೂ ಇರಲಿಲ್ಲ ಟೀಚರ್" ಎಂದ ನಂಜುಂಡ, "ನಿಲ್ಲಬೇಕೆಂದು ನಾನೇ ಯಾರಿಗೂ ಹೇಳಿರಲಿಲ್ಲ."